ಒಡೆದ ಬಳೆಗಳ ಊರು

ಒಡೆದ ಬಳೆ, ಹಿಡಿ ಮುರಿದ ಚಹಾ ಕಪ್ಪು, ಸುಟ್ಟುಹೋದ ಪಿಂಗಾಣಿ ಫ್ಯೂಸು. ತಿಪ್ಪೆಗೆ ಹೋದ ಮೇಲೆ ಇವನ್ನು ನಾವು ನೆನೆಯುವುದುಂಟೇ? ನೆನೆದವರೊಬ್ಬರ ಕಥೆ ಹೇಳುತ್ತೇನೆ.

ನೇಕ್ ಚಂದ್ ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಒಂದು ಹಳ್ಳಿಯಲ್ಲಿ. ದೇಶವಿಭಜನೆಯಾದಾಗ ಊರು ಬಿಟ್ಟು ಬಂದವರು, 1951ರಲ್ಲಿ ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆದರು. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ರೂಪಿಸಿದ ಆ ಹೊಸ ನಗರಕ್ಕಾಗಿ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ನೆಲಸಮವಾಗುತ್ತಿದ್ದವು. ತಮ್ಮ ಊರನ್ನೇ ಕಳೆದುಕೊಂಡಿದ್ದವರಿಗೆ ಆ ಇಟ್ಟಿಗೆ, ಹೆಂಚಿನ ಚೂರುಗಳು ಬರೀ ಕಸವಾಗಿ ಕಾಣಲಿಲ್ಲ. ಕೆಲಸ ಮುಗಿದ ಮೇಲೆ ಅವನ್ನು ಸೈಕಲ್ಲಿಗೆ ಹೇರಿಕೊಂಡು ಸುಖ್ನಾ ಕೆರೆಯ ಹತ್ತಿರದ ಕಾಡಿಗೆ ಒಯ್ಯತೊಡಗಿದರು. ಏನನ್ನೂ ಕಟ್ಟಕೂಡದ ಸರ್ಕಾರಿ ಜಾಗ ಅದು. ಗೊತ್ತಾದರೆ ನೌಕರಿಗೇ ಕುತ್ತು. ಹದಿನೆಂಟು ವರ್ಷದಷ್ಟು ಕಾಲ ಕೆಲಸ ಗುಟ್ಟಾಗಿಯೇ ಸಾಗಿತು.

ಆ ಚೂರುಗಳಿಂದ ಅವರು ಅಲ್ಲಿ ಮಾಡಿದ ಬೊಂಬೆಗಳನ್ನು ಹತ್ತಿರದಿಂದ ನೋಡಬೇಕು. ಹಳೇ ಸೈಕಲ್ಲಿನ ಫೋರ್ಕೇ ಕಾಲು, ಸೀಟೇ ಪ್ರಾಣಿಯ ತಲೆ. ಮೇಲೆ ಸಿಮೆಂಟ್ ಗಾರೆ. ಗಾರೆ ಹಸಿಯಿರುವಾಗಲೇ ಒಂದೊಂದಾಗಿ ಒತ್ತಿ ಕೂರಿಸಿದ ಬಳೆಚೂರು. ಯಾರ್‍ಯಾರದೋ ಕೈಯಲ್ಲಿ ಸದ್ದು ಮಾಡುತ್ತಿದ್ದ ಹಸಿರು, ಕೆಂಪು ಗಾಜು ಈಗ ಹೆಣ್ಣೊಬ್ಬಳ ಉಡುಗೆ. ಸಾಲುಸಾಲಾಗಿ ನಿಂತ ಈ ಬೊಂಬೆಗಳು ಬಂದವರನ್ನೇ ದಿಟ್ಟಿಸುತ್ತವೆ. ಇನ್ನು ಬಾಗಿಲುಗಳೋ, ಬಲು ಗಿಡ್ಡ. ಎಂಥ ದೊಡ್ಡವರೂ ತಲೆ ಬಗ್ಗಿಸಿಯೇ ದಾಟಬೇಕು. ಅಲ್ಲಿನ ಶಿಲ್ಪಗಳಿಗಿಂತ ಆ ಬಾಗಿಲುಗಳೇ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿವೆ. ಹಾಗೆ ಬಗ್ಗಿದಾಗ, ನಾವೇ ಎಂದೋ ಎಸೆದ ಕಪ್ಪಿನ ನೆನಪಾಗದೆ ಇರುತ್ತದೆಯೇ?

1975ರ ಸುಮಾರಿಗೆ ಗುಟ್ಟು ರಟ್ಟಾಯಿತು. ಕಾನೂನಿನ ಪ್ರಕಾರ ಕೆಡವಬೇಕಿತ್ತು, ಜನ ಒಪ್ಪಲಿಲ್ಲ. 1976ರಲ್ಲಿ ಆ ತೋಟ ರಾಕ್ ಗಾರ್ಡನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. ನೇಕ್ ಚಂದ್ ಅವರಿಗೆ ಆ ಕೆಲಸಕ್ಕೆ ಸಂಬಳವೂ ಬಂತು, ಕೈಜೋಡಿಸಲು 50 ಆಳುಗಳೂ ಬಂದರು. ನಗರದಲ್ಲೆಲ್ಲ ಒಡಕು ಸಾಮಾನು ಸಂಗ್ರಹಿಸುವ ಕೇಂದ್ರಗಳಾದವು. 1984ರಲ್ಲಿ ಪದ್ಮಶ್ರೀ ಬಂತು. ಮುಂದೆ ತೋಟ ಕೆಡವಲು ಬುಲ್ಡೋಜರ್ ಬಂದಾಗ ಜನ ಕೈಕೈ ಹಿಡಿದು ಅಡ್ಡ ನಿಂತರು.

ನೇಕ್ ಚಂದ್ 2015ರಲ್ಲಿ ತೀರಿಕೊಂಡರು. 2025ರಲ್ಲಿ ಹೈಕೋರ್ಟಿನ ಬಳಿ ರಸ್ತೆ ಅಗಲ ಮಾಡಲು ತೋಟದ ಗೋಡೆಯ ಒಂದು ಭಾಗವನ್ನು ಕೆಡವಿದರು. ಈ ಸಲವೂ ಜನ ಪ್ರತಿಭಟಿಸಿದರು, ಗೋಡೆ ಉಳಿಯಲಿಲ್ಲ. ಸುದ್ದಿ ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು, ಸಂಜೆಗತ್ತಲಲ್ಲಿ ಸೈಕಲ್ಲಿಗೆ ಕಲ್ಲಿನ ಚೀಲ ಬಿಗಿಯುತ್ತಿದ್ದ ಆ ರಸ್ತೆ ಇನ್‌ಸ್ಪೆಕ್ಟರ್.