ಕಣ್ಣಿಗೆ ಬೀಳದ ಬಚ್ಚಲು

ನಮ್ಮ ಕುಂದಾಪುರದ ಕಡೆ ‘ಸ್ನಾನ ಮಾಡಿ ಬರುತ್ತೇನೆ’ ಎನ್ನುವವರು ಹಿಂದೆ ಕಡಿಮೆ. ‘ಮಿಂದ್ಕಂಡ್ ಬತ್ತೆ’ ಎಂಬುದೇ ಮಾತು. ಹಳಗನ್ನಡದ ‘ಮೀ’ ಧಾತು ಇಲ್ಲಿನ ಬಚ್ಚಲುಗಳಲ್ಲಿ ಇನ್ನೂ ಬದುಕಿದೆ ಎಂದು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸುವುದು ನನ್ನ ರೂಢಿ. ಧಾತುವೇನೋ ಉಳಿಯಿತು, ಬಚ್ಚಲು ಬದಲಾಯಿತು.

ಬೈಂದೂರಿನ ಕಡೆಯ ನಮ್ಮ ಹಳೆಯ ಮನೆಯಲ್ಲಿ ಬಚ್ಚಲು ಹಿತ್ತಿಲಲ್ಲಿ, ಬೇರೆಯದೇ ಮಾಡಿನ ಕೆಳಗಿತ್ತು. ಒಂದು ಮೂಲೆಯಲ್ಲಿ ಹಂಡೆ. ಅದರಡಿಯಲ್ಲಿ ಮಡಲು, ಗೆರಟೆ, ಕಾಯಿಸಿಪ್ಪೆ ಉರಿಯುವ ಒಲೆ. ಆ ಹೊಗೆ ಗೋಡೆಯನ್ನು ಕಪ್ಪು ಮಾಡುತ್ತಿತ್ತು, ನಿಜ. ಒಲೆಯ ಕಾವು ಅದೇ ಗೋಡೆಯನ್ನು ಒಣಗಿಸುತ್ತಲೂ ಇತ್ತು. ಮಿಂದ ನೀರು ನೇರವಾಗಿ ಬಾಳೆಯ ಬುಡಕ್ಕೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಗೆ ಹುಣಿಸೆಹುಳಿ, ಬೂದಿ ಹಾಕಿ ಉಜ್ಜಿ, ಹಿಡಿಸೂಡಿಯಿಂದ ಮೂಲೆಮೂಲೆಯ ಪಾಚಿ ಕೆರೆಯುವುದು ಮನೆಯವರೆಲ್ಲರ ಕೆಲಸ.

ಈಗ ನಾವಿರುವುದು ಕುಂದಾಪುರದಲ್ಲಿ, ಮೂರನೆಯ ಮಹಡಿಯ ಫ್ಲಾಟಿನಲ್ಲಿ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯ ಬದಿಗೆ ಇಂಥ ಕಟ್ಟಡಗಳು ಏಳುತ್ತಲೇ ಇವೆ. ಇಲ್ಲಿ ಬಚ್ಚಲು ಮನೆಯ ಹೊಟ್ಟೆಯೊಳಗೆ ಬಂದು ಕುಳಿತಿದೆ. ಒಲೆಯಿಲ್ಲ, ಬಿಸಿಲಿಲ್ಲ, ಇರುವುದೊಂದು ಅಂಗೈಯಗಲದ ಕಿಟಕಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದೇ ಇಲ್ಲವೆಂದರೂ ಸಲ್ಲುತ್ತದೆ.

ಕಳೆದ ಆಸಾಡಿಯಲ್ಲಿ ನನ್ನ ತಾಯಿಯವರು ಊರಿನಿಂದ ಬಂದಿದ್ದರು. ಅವರು ಬರುವ ಮುನ್ನಾದಿನ ಬಚ್ಚಲನ್ನು ನಾನೇ ತಿಕ್ಕಿದ್ದೆ. ನೆಲ ಹೊಳೆಯುತ್ತಿತ್ತು, ನನಗೂ ಸ್ವಲ್ಪ ಹೆಮ್ಮೆಯೇ ಆಗಿತ್ತು. ಮೂರನೆಯ ದಿನ ಬೆಳಿಗ್ಗೆ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಅದರ ಹಿಂದಿನ ಮೊಳೆಗೆ ಸೀರೆ ಸಿಕ್ಕಿಸಲು ಒಂದು ಹೆಜ್ಜೆ ಇಟ್ಟರು, ಜಾರಿದರು. ಎಡಗೈಯ ಮಣಿಗಂಟು ಮುರಿಯಿತು. ಬಾಗಿಲು ಒಳಮುಖವಾಗಿ ತೆರೆಯುವಂಥದು. ತೆರೆದಿಟ್ಟು ತಿಕ್ಕುವಾಗ ಅದರ ಮರೆಗೆ ಹೋಗುವ ಒಂದು ಗೇಣು ನೆಲಕ್ಕೆ ನನ್ನ ಬ್ರಷ್ಷು ಎಂದೂ ತಾಗಿರಲಿಲ್ಲ. ಪಾಚಿಯ ಹಸಿರೂ ಇಲ್ಲದ, ಬಣ್ಣವಿಲ್ಲದ ಲೋಳೆ ಅಲ್ಲಿ ಕೂತಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಅಮ್ಮ ಕೇಳಿದ್ದು ಇಷ್ಟೆ: “ಎಂತ ಮಗಾ, ನಡು ಒಂದ್ ತಿಕ್ರೆ ಆತ್ತಾ? ಮೂಲಿಯೂ ಕಾಣ್ಕಲ್ದಾ?”

ಆ ಸಂಜೆ ನಾನು ಬಾಗಿಲು ಹಾಕಿಕೊಂಡು ಬಚ್ಚಲಲ್ಲಿ ಮಣೆಯಿಟ್ಟು ಕುಳಿತೆ. ಕೇಳುಗರೂ ಒಮ್ಮೆ ಹೀಗೆ ಮಾಡಿ ನೋಡಬಹುದು. ನಿಂತವನಿಗೆ ಕಾಣದ ಬಚ್ಚಲು ಕುಳಿತವನಿಗೆ ಕಾಣುತ್ತದೆ. ಕೈತೊಳೆಯುವ ಬೇಸಿನ್ನಿನ ತಳಭಾಗ, ನಲ್ಲಿಯ ಮೂತಿಯ ಅಡಿ, ಕಮೋಡಿನ ಹಿಂಬದಿ ಗೋಡೆಗೆ ಸೇರುವ ಸಂದು, ಬಾಗಿಲ ಕೆಳಅಂಚು, ಬಕೆಟ್ಟಿನ ಬುಡ. ಬಕೆಟ್ಟಿನ ಒಳಗನ್ನು ತೊಳೆಯದವರಿಲ್ಲ. ಅದನ್ನು ಬೋರಲು ಹಾಕಿ ನೋಡಿದವರೆಷ್ಟು ಮಂದಿ?

ಎಲ್ಲಕ್ಕಿಂತ ಮುಖ್ಯವಾದುದು ನೆಲದ ಜಾಲರಿ. ಅನೇಕ ಕಡೆ ಅದರಡಿಯಲ್ಲಿ ಬಟ್ಟಲಿನಂಥ ಮುಚ್ಚಳವಿದ್ದು, ಅಲ್ಲಿ ಸ್ವಲ್ಪ ನೀರು ಸದಾ ನಿಂತಿರುತ್ತದೆ. ಕೊಳವೆಯ ದುರ್ಗಂಧವನ್ನು ತಡೆಯುವುದು ಆ ನೀರೇ. ಕೂದಲು, ಸೋಪಿನ ಜಿಡ್ಡು ಸೇರಿ ನೀರು ಇಳಿಯದಾದಾಗ ನಮ್ಮವರು ಮುಚ್ಚಳವನ್ನೇ ಕಿತ್ತೆಸೆಯುತ್ತಾರೆ. ಆಮೇಲೆ ಜಿರಲೆ ಬಂತು, ವಾಸನೆ ಬಂತು ಎಂದು ಗೊಣಗುತ್ತಾರೆ. ತಿಂಗಳಿಗೊಮ್ಮೆ ಅದನ್ನು ಎತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಅಲ್ಲಿಯೇ ಇಡಬೇಕು. ನೆಂಟರಿಗೆಂದು ಮೀಸಲಾಗಿ ಮುಚ್ಚಿಟ್ಟ ಬಚ್ಚಲಿದ್ದರೆ ಅದರ ಜಾಲರಿಗೆ ವಾರಕ್ಕೊಂದು ಬಕೆಟ್ ನೀರು ಹೊಯ್ಯಬೇಕು. ಒಳಗಿನ ನೀರು ಬತ್ತಿದರೆ ವಾಸನೆ. ಅಲುಗದೆ ನಿಂತರೆ ಸೊಳ್ಳೆ. ಮೊಟ್ಟೆ ಮರಿಯಾಗಿ, ಸೊಳ್ಳೆಯಾಗಿ ಹಾರಲು ನಮ್ಮ ಸೆಕೆಯಲ್ಲಿ ಎಂಟು ಹತ್ತು ದಿನ ಸಾಕು.

ಗಾಳಿ ಹೊರದೂಡುವ ಫ್ಯಾನಿನ ರೆಕ್ಕೆಗೆ ಧೂಳು ಹತ್ತಿದ್ದರೆ ಅದು ತಿರುಗುತ್ತದೆ, ಗಾಳಿಯನ್ನು ತಳ್ಳುವುದಿಲ್ಲ. ಸ್ವಿಚ್ಚು ಆರಿಸಿ ಒರೆಸಿರಿ. ಕೊಳವೆಬಾವಿಯ ನೀರಿನಿಂದ ಷವರಿನ ತೂತುಗಳು ಬಿಳಿಗಟ್ಟಿದ್ದರೆ, ಒಂದು ಚೀಲದಲ್ಲಿ ವಿನೆಗರ್ ಹಾಕಿ, ಷವರಿನ ಮುಖ ಮುಳುಗುವಂತೆ ಕೆಲವು ಗಂಟೆ ಕಟ್ಟಿಟ್ಟರೆ ಕರಗುತ್ತದೆ.

ಒಂದು ಎಚ್ಚರಿಕೆಯ ಮಾತು. ಬೇಗ ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರಿನ ಮೇಲೆ ಆಸಿಡ್ ಸುರಿಯುವವರಿದ್ದಾರೆ. ಹಾಗೆ ಬೆರೆತಾಗ ಏಳುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಮುಳುವಾಗಬಹುದು. ಈಗ ಹೇಳಿದ ವಿನೆಗರನ್ನೂ ಬ್ಲೀಚಿಂಗಿನೊಡನೆ ಸೇರಿಸಬಾರದು. ದಿನದ ಲೋಳೆಗೆ ಸೋಪಿನ ನೀರು ಮತ್ತು ತೋಳಿನ ಬಲ ಧಾರಾಳವಾಗಿ ಸಾಕು. ಕೊನೆಗೆ ನೀರನ್ನು ಜಾಲರಿಯತ್ತ ಬಳಿದು, ಬಾಗಿಲು ತೆರೆದಿಟ್ಟು ನೆಲ ಒಣಗಲು ಬಿಡಿ.

ಅಮ್ಮನ ಕೈ ಕೂಡಿಕೊಂಡಿತು. ಊರಿಗೆ ಹೋಗಿ ಮತ್ತೆ ಬಂದರು. ಬಂದವರು ಚೀಲ ಕೆಳಗಿಟ್ಟು ನೇರವಾಗಿ ಬಚ್ಚಲಿಗೆ ನಡೆದು, ಗೋಡೆ ಹಿಡಿದುಕೊಂಡು, ಬಾಗಿಲ ಹಿಂದಿನ ನೆಲವನ್ನು ಕಾಲಿನ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರು. ಏನೂ ಹೇಳಲಿಲ್ಲ. ಕಾಫಿ ಕೇಳಿದರು.