ನಾಯಿಗೆ ಕಲಿಸಿದ ನಾಲ್ಕು ಮಾತು

(ಸಂಘದ ಕೌಟುಂಬಿಕ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡದ ಸಭೆಯಲ್ಲಿ ನಾಯಿಯ ಮಾತೇಕೆ ಎಂದು ತಾವು ಹುಬ್ಬೇರಿಸಬಹುದು. ಆದರೆ ನಮ್ಮ ನಾಡು ನಾಯಿಗೆ ಕಲ್ಲು ನಿಲ್ಲಿಸಿದ ನಾಡು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೇರನು ತನ್ನ ಒಡೆಯನಿಂದ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಕರಿಯ ಅಂಥ ವೀರನಲ್ಲ. ಪುಣೆಯ ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಮೆಟ್ಟಿಲ ಕೆಳಗೆ ನಡುಗುತ್ತ ಕುಳಿತಿದ್ದ ಬೀದಿಮರಿ. ಅದನ್ನು ಒಳಗೆ ಕರೆದುಕೊಂಡೆವು. ಎಲ್ಲರೂ ಗುರುಗಳಾದೆವು. ಧಾರವಾಡದ ನಮ್ಮ ತಾಯಿ ‘ಕೂಡ್ರು’ ಎಂದರೆ, ಮೈಸೂರಿನ ನಮ್ಮ ಮನೆಯಾಕೆ ‘ಕೂತ್ಕೋ’ ಎನ್ನುವರು. ಓಣಿಯ ಗೆಳೆಯರಿಂದ ಕಲಿತ ಮಕ್ಕಳು ‘ಬಸ್’ ಎನ್ನುವರು. ನಮ್ಮದು ‘ಸಿಟ್’, ನಾಲ್ಕು ಜನ ನೋಡಲಿ ಎಂಬ ಆಸೆ!

ತೊಡಕು ಅಲ್ಲಿಗೇ ನಿಲ್ಲಲಿಲ್ಲ. ಮರಾಠಿಯ ‘ಬಸ್’ ಎಂದರೆ ಕೂತುಕೋ. ನಮ್ಮ ತಾಯಿಯ ಬಾಯಲ್ಲಿ ‘ಬಸ್’ ಎಂದರೆ ಸಾಕು. ಮರಾಠಿಯ ‘ಯೇ’ ಎಂದರೆ ಬಾ; ನಮ್ಮಲ್ಲಿ ‘ಏ!’ ಎಂದರೆ ಗದರಿಕೆ. ರೊಟ್ಟಿ ಕದ್ದ ಕರಿಯನನ್ನು ‘ಏ!’ ಎಂದು ಗದರಿದರೆ, ಅದು ಬಾಲವಾಡಿಸುತ್ತ ಹತ್ತಿರ ಬರುತ್ತಿತ್ತು.

ಒಂದು ಸಂಜೆ ಬಾಗಿಲು ತೆರೆದಿತ್ತು, ಕರಿಯ ರಸ್ತೆಗೆ ಓಡಿತು. ನಾಲ್ವರೂ ನಾಲ್ಕು ಬಗೆಯಾಗಿ ಕೂಗಿದೆವು. ಅದು ರಸ್ತೆಯ ನಡುವೆ ನಿಂತು, ಒಬ್ಬೊಬ್ಬರ ಮುಖವನ್ನೂ ನೋಡಿತು. ರಿಕ್ಷಾದವನು ಬ್ರೇಕು ಹಾಕಿದರೂ ಹಿಂಗಾಲಿಗೆ ಪೆಟ್ಟು ಬಿತ್ತು. ಗಾಯ ವಾರದಲ್ಲಿ ಮಾಯಿತು. ಆದರೆ ಆ ರಾತ್ರಿ ನಮ್ಮ ತಾಯಿ ಆಡಿದ ಮಾತು ಮರೆಯಲಿಲ್ಲ: “ತಪ್ಪು ನಾಯೀದಲ್ಲಪಾ, ನಮ್ಮ ಬಾಯೀದು.”

ಅಂದೇ ನಿರ್ಣಯವಾಯಿತು: ಒಂದು ಕೆಲಸಕ್ಕೆ ಒಂದೇ ಮಾತು, ಅದೂ ಕನ್ನಡದ್ದು. ಬಾ, ಕೂಡ್ರು, ನಿಲ್ಲು, ಬಿಡು. ಮೈಸೂರು ಧಾರವಾಡಕ್ಕೆ ಒಪ್ಪಿತು. 1956ರ ಏಕೀಕರಣ ನಮ್ಮ ಮನೆಯೊಳಗೆ ಆಗ ಪೂರ್ತಿಯಾಯಿತೆನ್ನಬೇಕು.

ಕಲಿಸುವ ಬಗೆ ಸುಲಭ. ಊಟಕ್ಕೆ ಮುಂಚೆ, ಹಸಿವಿರುವಾಗ, ಐದೇ ನಿಮಿಷ. ದಿನಕ್ಕೆ ಎರಡು ಸಲ. ಕಡಲೆಕಾಳಿನಷ್ಟು ರೊಟ್ಟಿಯ ಚೂರನ್ನು ಮೂಗಿನ ಮೇಲಿಂದ ಹಿಂದಕ್ಕೆ ಸರಿಸಿದರೆ, ತಲೆ ಮೇಲೇರಿ, ಸೊಂಟ ತಾನಾಗಿ ನೆಲ ಮುಟ್ಟುತ್ತದೆ. ಆ ಕ್ಷಣದಲ್ಲೇ ಚೂರು ಕೊಡಬೇಕು. ತಡವಾದರೆ ಯಾವುದಕ್ಕೆ ಬಹುಮಾನವೆಂದು ಅದಕ್ಕೆ ತಿಳಿಯದು. ನಾಲ್ಕು ಸಲ ಹೀಗೆ ಕುಳಿತ ಮೇಲೆ ‘ಕೂಡ್ರು’ ಎಂಬ ಮಾತನ್ನು ಸೇರಿಸಬೇಕು. ಒಮ್ಮೆ ಮಾತ್ರ ಹೇಳಬೇಕು. ‘ನಿಲ್ಲು’ ಎಂಬುದಕ್ಕೆ ಮೊದಲು ಒಂದು ಹೆಜ್ಜೆ ಹಿಂದೆ ಸರಿದು ಮರಳಿ ಬಂದು ಕೊಡುವುದು. ಆಮೇಲೆ ಎರಡು ಹೆಜ್ಜೆ, ಆಮೇಲೆ ಹತ್ತು. ‘ಬಿಡು’ ಕಲಿಸಲು ಚೂರನ್ನು ಮುಷ್ಟಿಯಲ್ಲಿಟ್ಟು, ನಾಯಿ ಮೂಗು ಹಿಂದೆಗೆದ ಮೇಲೆಯೇ ಕೊಡಬೇಕು. ‘ಬಾ’ ಎಂಬುದನ್ನು ಉದ್ದನೆಯ ಹಗ್ಗ ಕಟ್ಟಿ ಅಭ್ಯಾಸ ಮಾಡಿಸಿದೆವು. ‘ಬಾ’ ಎಂದು ಕರೆದು ಎಂದೂ ಹೊಡೆಯಬಾರದು. ಹೊಡೆದರೆ ಆ ಮಾತು ಅಂದಿಗೆ ಸತ್ತಿತು. ಮುಧೋಳದ ಬೇಟೆನಾಯಿಯನ್ನು, ಅಂದರೆ ಮಹಾರಾಷ್ಟ್ರದವರು ಕಾರವಾನಿ ಎನ್ನುವ ಆ ನಾಯಿಯನ್ನು ಸಾಕಿದವರಿಗಂತೂ ಈ ‘ಬಾ’ ಪ್ರಾಣ. ಓಡುವ ವಸ್ತು ಕಂಡೊಡನೆ ಬಾಣದಂತೆ ಹೊರಡುವ ಜಾತಿ ಅದು.

ಇಷ್ಟಾದ ಮೇಲೆ ಆಟಗಳು. ಕುಳಿತ ನಾಯಿಯ ಮುಂದೆ ಮುಷ್ಟಿ ಹಿಡಿದರೆ ಅದು ಕಾಲಿನಿಂದ ಕೆರೆಯುತ್ತದೆ. ಅದೇ ‘ಕೈ ಕೊಡು’. ಚೂರನ್ನು ಮೂಗಿನ ಸುತ್ತ ದೊಡ್ಡದಾಗಿ ತಿರುಗಿಸಿದರೆ ಅದೇ ‘ಸುತ್ತು’. ದೀಪಾವಳಿಯ ದಿನಗಳಲ್ಲಿ ಮಾತ್ರ ಎಚ್ಚರವಿರಲಿ: ಚಾಕೊಲೇಟು, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

ಮೂರು ತಿಂಗಳಲ್ಲಿ ಕರಿಯ ಕನ್ನಡ ಕಲಿತಿತು. ನೆರೆಮನೆಯ ಮರಾಠಿ ಹುಡುಗರೂ ಸೊಗಸಾಗಿ ‘ಕೂಡ್ರು’ ಎನ್ನತೊಡಗಿದರು. ನಾವು ಬೀಗಿದೆವು.

ಅಷ್ಟರಲ್ಲಿ ಊರಿನಿಂದ ಹಿರಿಯರೊಬ್ಬರು ಬಂದರು. ನಮ್ಮ ಕಿರಿಯ ಮಗ ಬಾಗಿಲು ತೆರೆದು, ನಗುತ್ತ, “ಬಾ, ಕೂಡ್ರು” ಎಂದ! ಹಿರಿಯರು ನಕ್ಕರು, ನಮಗೆ ನಗು ಬರಲಿಲ್ಲ. ಹುಡುಗನದು ಉದ್ಧಟತನವಲ್ಲ. ಅವನಿಗೆ ಆಡಿ ರೂಢಿಯಿದ್ದ ಕನ್ನಡ ಅಷ್ಟೇ, ನಾಯಿಗೆ ಹೇಳುವಷ್ಟು. ನಾಯಿಗೆ ದಿನಾಲೂ ಹತ್ತು ನಿಮಿಷ ಕೊಟ್ಟೆವು, ಮಗನಿಗೆ ಅಷ್ಟನ್ನೂ ಕೊಟ್ಟಿರಲಿಲ್ಲ.

ಈಗ ರಾತ್ರಿ ಊಟದ ಹೊತ್ತು ಮನೆಯಲ್ಲಿ ಕನ್ನಡ. ಅಜ್ಜಿ ಕಥೆ ಹೇಳುತ್ತಾರೆ, ಮಗ ತಪ್ಪಾಗಿ ಆಡುತ್ತಾನೆ, ಯಾರೂ ಗದರುವುದಿಲ್ಲ; ಕರೆದು ಹೊಡೆದರೆ ಮಾತು ಸಾಯುತ್ತದೆಂಬುದನ್ನು ಕರಿಯ ಕಲಿಸಿದೆಯಷ್ಟೆ. ಮುಂದಿನ ಸಲ ತಾವು ನಮ್ಮ ಮನೆಗೆ ಬಂದಾಗ ಅವನು “ಬರ್ರಿ, ಕೂಡ್ರಿ” ಎಂದಾನು. ಕರಿಯನೂ ಕೂಡ್ರುತ್ತದೆ. ದಯಮಾಡಿ ಬನ್ನಿ.