ಒಟಿಪಿ ಬರುವ ಫೋನ್ ಯಾರ ಜೇಬಿನಲ್ಲಿದೆ?

(ಚಂದಾಪುರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೊರೋನಾಕ್ಕೆ ಈ ದೇಶದಲ್ಲಿ ಮೊದಲು ಬಲಿಯಾದವರು ಕಲಬುರಗಿಯ ಹಿರಿಯರೊಬ್ಬರು. ಅದು 2020ರ ಮಾರ್ಚ್. ಮರುವರ್ಷ ಲಸಿಕೆ ಬಂದಾಗ 18ರಿಂದ 44ರ ವಯೋಮಾನದವರಿಗೆ ಸರಕಾರ ವಿಧಿಸಿದ ಷರತ್ತು ನಿಮಗೆ ನೆನಪಿರಬಹುದು. ಮೊದಲು ಕೋವಿನ್ ಪೋರ್ಟಲ್‌ನಲ್ಲಿ ನೋಂದಣಿ, ಆಮೇಲೆ ಸೂಜಿ. ಆರಂಭದಲ್ಲಿ ಆ ಪೋರ್ಟಲ್‌ನ ಭಾಷೆ ಇಂಗ್ಲಿಷ್. ವೇಗದ ಇಂಟರ್ನೆಟ್ ಇದ್ದ ನಗರವಾಸಿಗಳು ಹಳ್ಳಿಯ ಕೇಂದ್ರಗಳ ಸರದಿಯನ್ನೂ ಕಾದಿರಿಸಿಕೊಂಡು ಕಾರಿನಲ್ಲಿ ಬಂದರು. ಅಕ್ಷರ ಬಾರದ ಹಳ್ಳಿಗರು ನೋಂದಾಯಿಸುವುದಾದರೂ ಹೇಗೆಂದು 2021ರ ಮೇ 31ರಂದು ಸುಪ್ರೀಂ ಕೋರ್ಟ್ ಕೇಳಿತು. ಜೂನ್ 21ರಿಂದ ಎಲ್ಲ ವಯಸ್ಕರಿಗೂ ಕೇಂದ್ರದಲ್ಲೇ ನೋಂದಣಿಯ ಅವಕಾಶ ದೊರೆಯಿತು. ಆದರೆ ನಡುವಿನ ಆ ವಾರಗಳು ಎರಡನೇ ಅಲೆಯ ವಾರಗಳಾಗಿದ್ದವು ಎಂಬುದನ್ನು ಮರೆಯಬಾರದು.

ನಾನು ಯಂತ್ರದ ವಿರೋಧಿಯಲ್ಲ. ಇಲ್ಲಿಂದ ಕಲಬುರಗಿಯ ದೊಡ್ಡಾಸ್ಪತ್ರೆಗಳು ಸುಮಾರು 80 ಕಿಲೋಮೀಟರ್ ದೂರ. ಒಂದು ದಿನದ ಕೂಲಿ ಬಿಟ್ಟು ಹೋಗಬೇಕಾದವರಿಗೆ ಪರದೆಯ ಮೇಲೆ ವೈದ್ಯರು ಸಿಕ್ಕರೆ ಅದು ಉಪಕಾರವೇ. ನನ್ನ ಪ್ರಶ್ನೆ, ಆ ಯಂತ್ರವನ್ನು ನಡೆಸುವ ಹೊಣೆ ಯಾರದು ಎಂಬುದು. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅಲ್ಲಿ ರೋಗಿಯ ಕೈಯಲ್ಲಿ ಯಾವ ಉಪಕರಣವೂ ಇರಬೇಕಾಗಿರಲಿಲ್ಲ. ಅದು ಆಸ್ಪತ್ರೆಯ ಕೆಲಸವಾಗಿತ್ತು. ಇಂದಿನ ಇ-ಸಂಜೀವಿನಿಗೆ ಎರಡು ದಾರಿಗಳಿವೆ. ಒಂದರಲ್ಲಿ ರೋಗಿಯೇ ಫೋನಿನಿಂದ ಒಟಿಪಿ ಕೊಟ್ಟು ಒಳಹೋಗಬೇಕು. ಇನ್ನೊಂದರಲ್ಲಿ ಉಪಕೇಂದ್ರದ ಆರೋಗ್ಯಾಧಿಕಾರಿಯೇ ರೋಗಿಯ ಪಕ್ಕದಲ್ಲಿ ಕುಳಿತು ವೈದ್ಯರನ್ನು ಸಂಪರ್ಕಿಸುತ್ತಾರೆ. ನಮ್ಮ ತಾಂಡಾಗಳಿಗೂ ಹಳ್ಳಿಗಳಿಗೂ ಬೇಕಾಗಿರುವುದು ಈ ಎರಡನೆಯದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಪುರುಷರು ದೇಶದಲ್ಲಿ ಶೇ. 57, ಮಹಿಳೆಯರು ಶೇ. 33. ಗ್ರಾಮೀಣ ಮಹಿಳೆಯರಲ್ಲಿ ನಾಲ್ವರಲ್ಲಿ ಒಬ್ಬರು ಮಾತ್ರ. ಮನೆಯಲ್ಲಿರುವುದು ಒಂದೇ ಫೋನ್. ಅದು ದುಡಿಯಲು ಹೈದರಾಬಾದಿಗೋ ಬೆಂಗಳೂರಿಗೋ ಹೋದ ಗಂಡನ ಜೇಬಿನಲ್ಲಿ. ಗರ್ಭಿಣಿ ಇಲ್ಲಿ, ಅವಳ ಒಟಿಪಿ ಅಲ್ಲಿ! ಇದಕ್ಕೆ ಸರಕಾರವನ್ನಷ್ಟೇ ದೂರಿದರೆ ಸಾಲದು. ಮಗನಿಗೆ ಸ್ಮಾರ್ಟ್‌ಫೋನ್ ಕೊಡಿಸಿ ಮಗಳಿಗೆ ಬೇಡವೆಂದವರು ನಮ್ಮಲ್ಲೂ ಇದ್ದಾರೆ.

ಇನ್ನೊಂದು ವಿಷಯ. ಅಭಾ ಆರೋಗ್ಯ ಸಂಖ್ಯೆ ಐಚ್ಛಿಕ. ಕ್ಯೂಆರ್ ಸ್ಕ್ಯಾನ್ ಮಾಡಿ ಚೀಟಿ ಪಡೆಯುವ ಸೌಲಭ್ಯ ಬಂದಲ್ಲೆಲ್ಲ, ಬಾಯಿಮಾತಿನಲ್ಲಿ ಹೆಸರು ಬರೆಸುವ ಸಾಲೂ ಉಳಿಯಲಿ ಎಂದು ನಾವು ಆಸ್ಪತ್ರೆಗಳಲ್ಲಿ ಲಿಖಿತವಾಗಿ ಕೇಳಬೇಕು. ಕಾಲೇಜು ಓದುವ ನಮ್ಮ ಹುಡುಗ ಹುಡುಗಿಯರು ವಾರಕ್ಕೆ ಒಂದು ಬೆಳಿಗ್ಗೆ ಆ ಸಾಲಿನ ಬಳಿ ನಿಂತು, ಯಾರೇ ಬರಲಿ, ಅರ್ಜಿ ತುಂಬಿಕೊಡಲಿ. ಅಷ್ಟಕ್ಕೂ ಮೊದಲು, ಈ ರಾತ್ರಿ ಮನೆಗೆ ಹೋದಾಗ ನಿಮ್ಮ ತಾಯಿಯ, ಹೆಂಡತಿಯ ಆಧಾರ್‌ಗೆ ಯಾರ ನಂಬರ್ ಜೋಡಿಸಲಾಗಿದೆ ಎಂದು ಒಮ್ಮೆ ಕೇಳಿ ನೋಡಿ.